ಗಾಳಿಗೊಂದು ತೂತು

ಕೊಸ್ತ್ರೆನಾ,
ಫೆಬ್ರವರಿ ೧೧, ಮಂಗಳವಾರ

ಪ್ರೀತಿಯ ದಿನ್ಕೋ,

ಹೇಗಿದ್ದೀಯ? ಬೆನ್ನು ಈಗ ಹೇಗಿದೆ? ಎಂಜಿನ್ ಕೋಣೆಯ ಸೆಕೆಯಿಂದ ಎದ್ದು ಬೆವರಿನ ಮೈಯಲ್ಲೇ ಮೇಲಿನ ಗಾಳಿಗೆ ಹೋಗಬಾರದು ಎಂದು ನಿನ್ನ ಅಪ್ಪ ದಿನಾ ಹೇಳುತ್ತಾರೆ. ನಿನಗೆ ಹೇಳಲು ನೀನು ಸಿಗುವುದಿಲ್ಲವಾದ್ದರಿಂದ ನನಗೆ ಹೇಳುತ್ತಾರೆ. ನಾನು ಯಾವ ಎಂಜಿನ್ ಕೋಣೆಗೂ ಇಳಿಯದಿದ್ದರೂ ಕೇಳಿಸಿಕೊಳ್ಳುತ್ತೇನೆ. ಹೊಸ ಅಡುಗೆಯವನು ಇನ್ನೂ ಬರೀ ಅನ್ನ, ಕೋಳಿ, ಅನ್ನ, ಕೋಳಿಯಲ್ಲೇ ಇದ್ದಾನೆಯೇ? ಶಿಮೆಯ ಕೈಯಲ್ಲಿ ಒಣ ಅಂಜೂರ ಕಳಿಸುತ್ತಿದ್ದೇನೆ, ಮಧ್ಯೆ ಮಧ್ಯೆ ಎಲೆ ಇಟ್ಟು, ನಿನ್ನಮ್ಮ ಇಡುತ್ತಿದ್ದ ಹಾಗೆ. ಕಾರ್ನಿವಲ್‌ಗೆಂದು ಕರಿದ ಸಿಹಿ ಉಂಡೆ, ಫ್ರಿಟುಲೆಯೂ ಇದೆ, ಅದು ನಿನ್ನವರೆಗೆ ತಲುಪುತ್ತದೆ ಎಂಬ ನಂಬಿಕೆ ನನಗಿಲ್ಲ, ಶಿಮೆಯ ಹೊಟ್ಟೆ ನಿನಗೂ ಗೊತ್ತಲ್ಲ. ಅವನು ನಾಳೆ ಹೊರಟು ಅಲ್ಗೆಸಿರಾಸ್‌ನಲ್ಲಿ ನಿಮ್ಮ ಹಡಗು ಹತ್ತುತ್ತಾನಂತೆ. ಫೋನಿನಲ್ಲಿ ನಿನ್ನ ಮುಖ ಎರಡು ನಿಮಿಷ ಚೂರು ಚೂರಾಗಿ ಬಂದು ನಿಂತುಹೋಗುತ್ತದೆ. ಆ ಚೂರುಗಳಿಗೆ ಹೇಳಲಾರದ್ದನ್ನು ಕಾಗದದಲ್ಲಿ ಬರೆಯೋಣ ಅನ್ನಿಸಿತು.

ನಾವೆಲ್ಲ ಚೆನ್ನಾಗಿದ್ದೇವೆ. ಲುಚಿಯಾಗೆ ಕೆಳಗೆ ಒಂದು ಹಲ್ಲು ಕಂಡಿದೆ, ಇನ್ನೊಂದು ಒಸಡಿನೊಳಗಿಂದ ಬೆಳ್ಳಗೆ ಇಣುಕುತ್ತಿದೆ. ನಿದ್ದೆಯ ವಿಷಯ ಬೇಡ, ನಾನು ಕನ್ನಡಿ ನೋಡುವುದನ್ನೇ ಬಿಟ್ಟಿದ್ದೇನೆ. ಹಡಗಿನಲ್ಲಿರುವವನಿಗೆ ಕೆಟ್ಟ ಸುದ್ದಿ ಬರೆಯಬಾರದು, ನೀರಿನ ನಡುವೆ ಕೂತವನು ಏನು ಮಾಡಿಯಾನು, ಎಂದು ಮದುವೆಯಾದ ವಾರವೇ ನಿನ್ನಮ್ಮ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಿದ್ದರು. ಈ ಊರಿನ ಹೆಂಗಸರೆಲ್ಲ ಹಾಗೇ ಬರೆದವರಂತೆ. ಅವರು ಹೋದ ಮೇಲೂ ನಾನು ಆ ಮಾತನ್ನು ಇಲ್ಲಿಯವರೆಗೆ ಉಳಿಸಿಕೊಂಡು ಬಂದಿದ್ದೇನೆ. ಹಾಗಾಗಿ ಮೊದಲು ನಿನಗೆ ಖುಷಿಯಾಗುವ ಸುದ್ದಿ. ನೀನು ಮಗುವಿಗಿಂತ ಮುಂಚೆ ಕೇಳುವ ಸುದ್ದಿಯೂ ಅದೇ. ನಿನ್ನ ಸಂಪು ಸಿದ್ಧವಾಗಿದೆ.

ಸಮುದ್ರ ಕಾಣುವ ಕೋಣೆಯಲ್ಲಿ, ನನ್ನ ಮೇಜು ಇದ್ದ ಜಾಗದಲ್ಲಿ, ಮೀನು ಸಾಕಲೆಂದು ನೀನು ಕಟ್ಟಿಸಿದ ಗಾಜಿನ ತೊಟ್ಟಿ ಈಗ ದೀಪ ಹಾಕಿಕೊಂಡು ಕೂತಿದೆ. ಅದರ ಕೆಳಗಿನ ಕಪಾಟಿನಲ್ಲಿ ಸಂಪು, ನಾಲ್ಕು ಮನೆಗಳಿರುವ ಇನ್ನೊಂದು ತೊಟ್ಟಿ. ಮೇಲಿನ ತೊಟ್ಟಿ ತುಂಬಿ ಅಂಚಿನಿಂದ ಚೆಲ್ಲಿದ ನೀರು ಒಂದು ಕೊಳವೆಯಲ್ಲಿ ಕೆಳಗಿಳಿಯುತ್ತದೆ, ಮೊದಲ ಮನೆಯಲ್ಲಿ ಬಟ್ಟೆಯ ಚೀಲದಲ್ಲಿ ಕಸ ಬಿಡುತ್ತದೆ, ಎರಡನೆಯದರಲ್ಲಿ ನೊರೆಯಾಗಿ ಕೊಳೆ ಉಗುಳುತ್ತದೆ, ಮೂರನೆಯದರಲ್ಲಿ ಪಾಚಿಯ ನಡುವೆ ಸುತ್ತಾಡಿ, ಕೊನೆಯ ಮನೆಯಲ್ಲಿ ಪಂಪಿನ ಕೈಗೆ ಸಿಕ್ಕಿ ಮತ್ತೆ ಮೇಲೇರುತ್ತದೆ. ಇದೆಲ್ಲ ನಿನಗೆ ಗೊತ್ತಿರುವುದೇ. ನನಗೂ ಗೊತ್ತಾಗಿದೆ ಎಂದು ನಿನಗೆ ಗೊತ್ತಾಗಲಿ ಎಂದು ಬರೆದೆ. ನೀರು ತುಂಬಿಸುವ ದಿನ ನಿನ್ನ ಅಪ್ಪ ಪ್ಲಾಸ್ಟಿಕ್ ಕ್ಯಾನುಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ದಡಕ್ಕೆ ಹೊರಟೇಬಿಟ್ಟಿದ್ದರು. ಮನೆ ಮುಂದೇನೇ ಸಮುದ್ರ ಇಟ್ಕೊಂಡು ಅಂಗಡಿಯಿಂದ ಉಪ್ಪು ತಂದು ಸಮುದ್ರ ಮಾಡೋದಾ, ನಮ್ಮಪ್ಪ ಕೇಳಿದ್ರೆ ಗೋರಿಯಿಂದ ಎದ್ದು ಬರ್ತಾನೆ, ಎಂದು ಗೊಣಗಿದರು. ಬಂದರಿನ ನೀರು ನಿಮ್ಮ ಹಡಗಿಗೆ ಸರಿ, ಬಿಸಿ ಕಡಲಿನ ಹವಳಕ್ಕಲ್ಲ, ಎಂದು ಅವರನ್ನು ಗೇಟಿನಿಂದ ವಾಪಸು ಕರೆದುಕೊಂಡು ಬಂದವಳು ಯಾಗೊದಾ.

ಈಗ ಯಾಗೊದಾ ವಿಷಯಕ್ಕೆ ಬರೋಣ. ನೀನು ಅವಳ ಬಗ್ಗೆ ನನಗೆ ಹೇಳಿದ್ದು ಒಂದೇ ಸಾಲು, 'ಅಕ್ವೇರಿಯಂ ಕ್ಲಬ್ಬಿನ ಯಾಗೊದಾ ಬಂದು ಸ್ವಲ್ಪ ಸಹಾಯ ಮಾಡ್ತಾಳೆ.' ನಾನು ಬಿಳಿ ಕೂದಲಿನ, ಕನ್ನಡಕದ, ಮೊಮ್ಮಕ್ಕಳಿರುವ ಯಾರನ್ನೋ ಅಂದುಕೊಂಡಿದ್ದೆ. ಬಂದವಳು ನಮ್ಮ ವಯಸ್ಸಿನವಳು, ಹಲ್ಲಿನ ಕಟ್ಟು ಮಾಡುವ ಕೆಲಸದವಳು. ಅಕ್ರಿಲಿಕ್ ಹಾಳೆಯನ್ನು ಅಂಟಿಸುವಾಗ ಒಂದು ಗುಳ್ಳೆಯೂ ಬರದಂತೆ ಉಸಿರು ಹಿಡಿದು ಅಂಟಿಸುತ್ತಾಳೆ. ಉಪ್ಪುನೀರಿಗೆ ಅವಳ ಕೈ ಬಿರುಕು ಬಿಟ್ಟಿದೆ, ಉಗುರು ಕತ್ತರಿಸಿಯೇ ಇರುತ್ತದೆ, ಬರುವಾಗ ಚೆನ್ನಾಗಿ ಕಾಣಬೇಕೆಂದು ಏನನ್ನೂ ಮಾಡಿಕೊಂಡು ಬರುವುದಿಲ್ಲ. ಇದೆಲ್ಲ ನನಗೆ ಸಮಾಧಾನ ತರಬೇಕಿತ್ತು. ತರಲಿಲ್ಲ. ಒಬ್ಬ ಹೆಂಗಸು ನನ್ನ ಗಂಡನ ತೊಟ್ಟಿಯ ಮುಂದೆ ಮಂಡಿಯೂರಿ ಕೂತು, ದಿನ್ಕೋಗೆ ಈ ಕೊಳವೆ ಹೀಗೆ ಬಾಗಿದ್ರೆ ಇಷ್ಟ ಆಗಲ್ಲ, ಎಂದರೆ, ನನಗೆ ಹೇಗನ್ನಿಸಬೇಕು ಹೇಳು. ನಿನಗೆ ಕೊಳವೆ ಹೇಗೆ ಬಾಗಿದರೆ ಇಷ್ಟ ಎಂದು ನನಗೆ ಗೊತ್ತಿರಲಿಲ್ಲ. ಮೂರು ವರ್ಷ ಜೊತೆಗಿದ್ದೂ ಕೊಳವೆಯ ವಿಚಾರ ನಾವು ಒಮ್ಮೆಯೂ ಮಾತಾಡಿಲ್ಲ.

ಅವಳಿಗೂ ನಿನ್ನ ಅಪ್ಪನಿಗೂ ಮೊದಲ ದಿನದಿಂದಲೇ ಜಗಳ. ಕೇಳುವುದಕ್ಕೆ ನನಗೆ ಬಹಳ ಹಿತವಾಗಿತ್ತು. ಜಗಳ ಒಂದು ತೂತಿನದ್ದು. ಕರೆಂಟು ಹೋಗಿ ಪಂಪು ನಿಂತರೆ, ನೀರನ್ನು ಮೇಲಕ್ಕೊಯ್ಯುವ ಕೊಳವೆಯೇ ಅದನ್ನು ಹಿಂದಕ್ಕೆ ಎಳೆಯಲು ಶುರುಮಾಡುತ್ತದೆ, ಮೇಲಿನ ತೊಟ್ಟಿಯ ನೀರೆಲ್ಲ ಸಂಪಿಗೆ ಬಂದು ಸಂಪು ಉಕ್ಕುತ್ತದೆ. ಅದಕ್ಕೆ ಕೊಳವೆಯಲ್ಲಿ, ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ, ಕಡ್ಡಿ ತೂರುವಷ್ಟು ಒಂದು ತೂತು ಕೊರೆದರೆ ಸಾಕು, ನೀರು ಅಲ್ಲಿಗಿಳಿದ ಕೂಡಲೇ ಗಾಳಿ ಒಳನುಗ್ಗಿ ಎಳೆತ ಕಡಿದುಹೋಗುತ್ತದೆ, ಎಂದು ಯಾಗೊದಾ. ಹೊಸ ಕೊಳವೆಗೆ ಯಾರಾದ್ರೂ ತೂತು ಕೊರೀತಾರೇನಮ್ಮಾ, ಎಂದು ನಿನ್ನ ಅಪ್ಪ. ಅವರು ಹಡಗಿನಲ್ಲಿ ಹಾಕುವಂಥ ಹಿತ್ತಾಳೆ ಬಣ್ಣದ ಒಂದು ವಾಲ್ವ್ ತಂದರು, ನೀರು ಮೇಲೆ ಹೋಗಬಹುದು, ಹಿಂದೆ ಬರುವ ಹಾಗಿಲ್ಲ. "ಇಡೀ ಆಯುಷ್ಯ ಇದನ್ನ ನಂಬ್ಕೊಂಡು ನೀರಿನ್ ಕೆಳಗೆ ಮಲಗಿದೀನಿ ಕಣಮ್ಮಾ. ಈ ಮೀನ್ ಡಬ್ಬಿಗೆ ಸಾಲದಾ?" ಎಂದರು. ಯಾಗೊದಾ ಕೈ ಒರೆಸಿಕೊಂಡಳು. ಹಡಗಲ್ಲಿ ವಾಲ್ವಿಗೆ ಕಾವಲು ಕಾಯೋಕೆ ನೀವಿದ್ರಿ ಬೆಪೋ ಮಾಮಾ, ಇಲ್ಲಿ ಯಾರಿರ್ತಾರೆ, ಎಂದಳು. ನಾನು ಇರ್ತೀನಲ್ಲ ಎಂದು ನನಗೆ ಹೇಳಬೇಕೆನ್ನಿಸಿತು. ಮಗು ಹೆಗಲ ಮೇಲೆ ವಾಂತಿ ಮಾಡಿತು, ಹೇಳಲಾಗಲಿಲ್ಲ.

ಉಪ್ಪು ಬೆರೆಸುವಾಗಲೂ ಹೀಗೇ ಆಯಿತು. ನಾನು ಫಾರ್ಮಸಿ ಓದಿದವಳು ಎಂಬುದನ್ನು ಈ ಮನೆಯಲ್ಲಿ ಎಲ್ಲರೂ ಮರೆತಿದ್ದಾರೆ, ಒಮ್ಮೊಮ್ಮೆ ನಾನೂ. ಹನಿ ಹಾಕಿ ಬಣ್ಣ ನೋಡುವ ಆ ಪುಟ್ಟ ಗಾಜಿನ ಕೊಳವೆಗಳನ್ನು ಕಂಡಾಗ ಕೈ ತುರಿಸಿತು. ನೀನು ಮಗು ನೋಡ್ಕೊ ಮಗಳೇ, ಇದು ನಮ್ಗಿರಲಿ, ಎಂದರು ನಿನ್ನ ಅಪ್ಪ. ಒಳ್ಳೆಯ ಮಾತೇ. ಬಾಗಿಲಲ್ಲಿ ನಿಂತು ನೋಡಿದೆ. ಹಳೆಯ ದ್ರಾಕ್ಷಾರಸದ ತೊಟ್ಟಿಯಲ್ಲಿ ಅವರಿಬ್ಬರೂ ದೋಣಿಯ ಹುಟ್ಟು ಹಾಕಿ ಸಮುದ್ರ ಕಲಸುತ್ತಿದ್ದರು, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ, ನಗುತ್ತ. ನಾನು ಆ ನಗುವಿನ ಹೊರಗಿದ್ದೆ. ನನ್ನ ಹೊಟ್ಟೆ ಎಷ್ಟು ಉರಿಯಿತೆಂದರೆ, ಒಳಗೆ ಹೋಗಿ ತಣ್ಣಗಿನ ಹಾಲು ಕುಡಿದೆ, ಅದು ಲುಚಿಯಾಳ ಗಂಜಿಗೆ ಇಟ್ಟಿದ್ದ ಹಾಲು.

ಪಂಪು ಮೊದಲ ಸಲ ಓಡಿದ್ದು ಒಂದು ಭಾನುವಾರ, ಚರ್ಚಿನಿಂದ ಬಂದ ಮೇಲೆ. ನಾನು ಲುಚಿಯಾಳನ್ನು ಎತ್ತಿಕೊಂಡು ನಿಂತಿದ್ದೆ. ಯಾಗೊದಾ ಸ್ವಿಚ್ ಒತ್ತಿದಳು. ಸಂಪು ಒಮ್ಮೆ ಗಂಟಲು ಸರಿಮಾಡಿಕೊಂಡಿತು, ಕೊಳವೆ ಗೊಳಗೊಳ ಎಂದಿತು, ಮೇಲೆ ನೀರು ಬುಸ್ಸೆಂದು ಚಿಮ್ಮಿತು, ಮತ್ತು ನಿನ್ನ ಮಗಳು ನಕ್ಕಳು. ಮುಗುಳ್ನಗೆ ಅಲ್ಲ, ಅದನ್ನು ನೀನೂ ನೋಡಿದ್ದೀಯ. ಹೊಟ್ಟೆಯಿಂದ ಎದ್ದು ಬಂದ ಗಟ್ಟಿ ನಗು, ಮೈಯೆಲ್ಲ ಕುಲುಕಿ, ಉಸಿರು ಸಿಕ್ಕಿಕೊಂಡು, ಮತ್ತೆ ನಗು. ಅವಳನ್ನು ಹಾಗೆ ನಗಿಸಲು ನಾನು ವಾರಗಟ್ಟಲೆ ಕೋಳಿಯಾಗಿದ್ದೇನೆ, ಕತ್ತೆಯಾಗಿದ್ದೇನೆ, ಚಾದರದೊಳಗೆ ಅಡಗಿದ್ದೇನೆ. ಅವಳು ನನ್ನನ್ನು ಪಾಪ ಎಂಬಂತೆ ನೋಡುತ್ತಿದ್ದಳು. ಮೊದಲ ನಗು ಪಂಪಿಗೆ ಕೊಟ್ಟಳು. ನಿನ್ನ ಅಪ್ಪ ಕೂಡಲೇ ನಿನಗೆ ಫೋನು ಮಾಡಲು ಹೋದರು, ನಾನು ತಡೆದೆ. ಕಾರಣ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ಆ ನಗುವಿನ ಸುದ್ದಿಯಲ್ಲಿ ನಾನು ಇಲ್ಲದ್ದು ನನಗೆ ಸಹಿಸಲಾಗಲಿಲ್ಲ.

ಅದರ ಮೇಲೆ ಇನ್ನೊಂದು. ನನ್ನ ತೋಳಿನಲ್ಲಿ ಬಿಲ್ಲಿನಂತೆ ಬಾಗಿ ಅಳುವ ಮಗು ಆ ಕಪಾಟಿನ ಪಕ್ಕ ತೊಟ್ಟಿಲಿಟ್ಟರೆ ನಿದ್ದೆ ಹೋಗುತ್ತದೆ. ನೀರು ಇಳಿಯುವ ಸದ್ದು, ಪಂಪಿನ ಗುಂಯ್. ನಿನ್ನ ಅಪ್ಪ ಇದನ್ನು ಕಂಡುಹಿಡಿದು ತೊಟ್ಟಿಲನ್ನು ಅಲ್ಲಿಗೇ ಸಾಗಿಸಿದರು. ಎಂಜಿನ್ನೋರ ಮನೆ ಮಗು, ಎಂಜಿನ್ ಓಡಿದ್ರೇನೇ ನಿದ್ದೆ, ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ನಾನು ಒಂಬತ್ತು ತಿಂಗಳು ಹೊತ್ತ ಎಂಜಿನ್ ಅಲ್ಲವೇ? ಸಂಪಿನ ಮೇಲೆ ಮತ್ಸರಪಡುವ ಹೆಂಗಸು ಈ ಕರಾವಳಿಯಲ್ಲಿ ನಾನೊಬ್ಬಳೇ ಇರಬೇಕು. ಹಾಗಂದುಕೊಂಡು ನಗಲು ನೋಡಿದೆ. ನಗು ಬರಲಿಲ್ಲ, ನಿದ್ದೆ ಬಂತು, ತೊಟ್ಟಿಲಿನ ಪಕ್ಕ ನೆಲದ ಮೇಲೆ ನಾನೂ ಮಲಗಿಬಿಟ್ಟೆ. ಎದ್ದಾಗ ಯಾರೋ ಕೋಟು ಹೊದಿಸಿದ್ದರು. ಯಾಗೊದಾಳ ಕೋಟು. ಅವಳ ಮೇಲೆ ಸಿಟ್ಟು ಮಾಡಲು ಅವಳು ಆಸ್ಪದವನ್ನೇ ಕೊಡುವುದಿಲ್ಲ ನೋಡು, ಅದೇ ನನ್ನ ಸಿಟ್ಟು.

ಇನ್ನು ಮುಂದಿನದನ್ನು ನಿನ್ನಮ್ಮನ ಮಾತು ಮೀರಿ ಬರೆಯುತ್ತಿದ್ದೇನೆ.

ಹೋದ ಬುಧವಾರ ಯಾಗೊದಾ ಕೊನೆಯ ಸಾಮಾನು ತಂದಳು. ಅರವತ್ತು ಲೀಟರಿನ ಒಂದು ನೀರಿನ ಡಬ್ಬಿ. ಆವಿಯಾಗಿ ಹೋಗುವುದು ಬರೀ ನೀರು, ಉಪ್ಪು ಉಳಿಯುತ್ತದೆ, ಆದ್ದರಿಂದ ಹೋದಷ್ಟು ಸಿಹಿನೀರನ್ನು ದಿನಾ ಸಂಪಿಗೆ ಸೇರಿಸಬೇಕು. ಇದನ್ನು ಒಂದು ಜಗ್ಗಿನಿಂದ ಯಾರಾದರೂ ಮಾಡಬಹುದು. ಆ ಡಬ್ಬಿ ಇದ್ದರೆ ಯಾರೂ ಮಾಡಬೇಕಿಲ್ಲ, ಸಂಪಿನಲ್ಲಿ ಮಟ್ಟ ಇಳಿದಾಗಲೆಲ್ಲ ತಾನೇ ಸುರಿದುಕೊಳ್ಳುತ್ತದೆ. ಇಷ್ಟು ದೊಡ್ಡದು ಯಾಕೆ, ನಾನಿದ್ದೇನಲ್ಲ, ಈಸ್ಟರ್‌ಗೆ ಅವನೂ ಬರುತ್ತಾನಲ್ಲ, ಎಂದೆ. ಅವಳು ಬಗ್ಗಿ ಕೊಳವೆ ಸಿಕ್ಕಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಬೇಸಿಗೇಲಿ ನೀರು ಜಾಸ್ತಿ ಹೋಗುತ್ತೆ ಅಲ್ವಾ. ದಿನ್ಕೋ ಬೇಸಿಗೆಗೆ ಇರಲ್ಲ ಅಂದಿದ್ರಲ್ಲ, ಅದಕ್ಕೆ ದೊಡ್ಡದೇ ಹಾಕು ಅಂದ್ರು."

ಆಮೇಲೆ ತಲೆ ಎತ್ತಿದಳು. ನನ್ನ ಮುಖ ನೋಡಿ ಅವಳ ಮುಖ ಕೆಂಪಾಯಿತು. ನಿಮ್ಗೆ ಗೊತ್ತಿರುತ್ತೆ ಅಂದ್ಕೊಂಡೆ, ಎಂದಳು. ಗೊತ್ತು, ಎಂದೆ ನಾನು. ಕಾಫಿ ಮಾಡಿಕೊಟ್ಟೆ. ಬಿಸ್ಕತ್ತನ್ನೂ ಕೊಟ್ಟೆ. ಅವಳು ಡಬ್ಬಿಯನ್ನು ಜೋಡಿಸದೆ ಹಾಗೇ ಬಿಟ್ಟು ಹೋದಳು, ಕಾಫಿಯನ್ನೂ ಅರ್ಧ ಬಿಟ್ಟಳು.

ದಿನ್ಕೋ, ನೀನು ಅವಳನ್ನು ಪ್ರೀತಿಸುತ್ತೀಯ ಎಂಬ ಹೆದರಿಕೆ ನನಗಿಲ್ಲ. ಹಾಗಿದ್ದರೆ ಅಳುವುದು ಸುಲಭವಾಗುತ್ತಿತ್ತು, ಅಕ್ಕಪಕ್ಕದವರೂ ಬಂದು ಕೂರುತ್ತಿದ್ದರು. ನನ್ನ ಹೊಟ್ಟೆಕಿಚ್ಚು ಬೇರೆಯದು. ನಿನ್ನ ಬೇಸಿಗೆ ಎಲ್ಲಿ ಕಳೆಯುತ್ತದೆ ಎಂದು ಅವಳಿಗೆ ಗೊತ್ತು. ಕೊಳವೆಗಳಿಗೆ ಗೊತ್ತು, ಆ ಡಬ್ಬಿಗೆ ಗೊತ್ತು, ಇನ್ನೂ ಬಾರದ ಮೀನುಗಳಿಗೆ ನೀರು ಕಡಿಮೆಯಾಗದಂತೆ ವ್ಯವಸ್ಥೆಯಾಗಿದೆ. ಏಪ್ರಿಲ್‌ನ ಒಂದೊಂದೇ ವಾರವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿರುವ ನನಗೆ ಗೊತ್ತಿಲ್ಲ. ನೀನಿಲ್ಲದೆ ನಡೆಯುವಂಥ ಒಂದು ಸಮುದ್ರವನ್ನು ಇಷ್ಟು ಮುತುವರ್ಜಿಯಿಂದ ಕಟ್ಟಿಸಿದೆ. ನಾವಿಬ್ಬರು ನೀನಿಲ್ಲದೆ ಹೇಗೆ ನಡೆಯುತ್ತೇವೆ ಎಂದು ಒಂದು ಸಲ ಯಾರನ್ನಾದರೂ ಕೇಳಿದೆಯಾ?

ಮಾರನೆಯ ದಿನದಿಂದ ಬೂರಾ ಬೀಸತೊಡಗಿತು. ಈ ಸಲದ್ದು ಎಂಥ ಗಾಳಿ ಎಂದರೆ ಬೆಟ್ಟದಿಂದಿಳಿದು ಬೀದಿಯ ಕುಂಡಗಳನ್ನೆಲ್ಲ ಸಮುದ್ರಕ್ಕೆ ಕೊಟ್ಟು ಬಂತು. ಶುಕ್ರವಾರ ಮಧ್ಯಾಹ್ನ, ನಿನ್ನ ಅಪ್ಪ ಹಿತ್ತಲಿನಲ್ಲಿ ಹೆಂಚಿನ ಮೇಲೆ ಕಲ್ಲು ಹೇರುತ್ತಿದ್ದಾಗ, ಕರೆಂಟು ಹೋಯಿತು. ಕೋಣೆ ಒಮ್ಮೆಲೇ ನಿಶ್ಶಬ್ದವಾಯಿತು. ಆ ನಿಶ್ಶಬ್ದಕ್ಕೆ ಲುಚಿಯಾ ಎದ್ದು ಕಿರುಚಿದಳು. ನನಗೆ ಒಂದು ಕ್ಷಣ ಸಂತೋಷವಾಯಿತು, ಹೌದು, ಈಗ ನಾನು ಬೇಕಲ್ಲ ನಿನಗೆ ಎಂದು. ಅವಳನ್ನು ಎತ್ತಿಕೊಳ್ಳಲು ಹೋದಾಗ ಕಾಲ್ಚೀಲ ಒದ್ದೆಯಾಯಿತು. ಕಪಾಟಿನ ಕೆಳಗಿನಿಂದ ನೀರು ಶಾಂತವಾಗಿ, ಯಾವ ಅವಸರವೂ ಇಲ್ಲದೆ, ತೊಟ್ಟಿಲಿನ ಕಾಲುಗಳನ್ನು ಸುತ್ತುತ್ತಿತ್ತು. ಸ್ವಿಚ್ ಹಲಗೆಯ ವೈರು ನೆಲದಲ್ಲೇ ಇತ್ತು. ಕರೆಂಟು ಯಾವ ಗಳಿಗೆಯಲ್ಲಾದರೂ ವಾಪಸು ಬರಬಹುದಿತ್ತು. ಮಗುವನ್ನು ಎದೆಗೆ ಒತ್ತಿಕೊಂಡು ಗೋಡೆಯ ಪ್ಲಗ್ ಕಿತ್ತೆ, ನಿನ್ನಪ್ಪನನ್ನು ಕೂಗಿದೆ, ಬೂರಾ ನನ್ನ ಕೂಗನ್ನು ಕಿಟಕಿಯಲ್ಲೇ ತಿಂದುಹಾಕಿತು. ಗಾಳಿ ಒಳಗೆ ಹೋಗಬೇಕು ಎಂದು ಯಾಗೊದಾ ಹೇಳಿದ್ದು ನೆನಪಾಯಿತು. ಕುರ್ಚಿ ಹತ್ತಿ, ಒಂದು ಕೈಯಲ್ಲಿ ಮಗು, ಇನ್ನೊಂದನ್ನು ಮೊಣಕೈವರೆಗೆ ನಿನ್ನ ಸಮುದ್ರದಲ್ಲಿ ಮುಳುಗಿಸಿ, ಕೊಳವೆಯ ಬಾಯಿಯನ್ನು ನೀರಿನಿಂದ ಮೇಲಕ್ಕೆ ಎಳೆದೆ. ಅದು ಒಂದು ದೊಡ್ಡ ಗುಟುಕು ಗಾಳಿ ಕುಡಿಯಿತು. ನೀರು ನಿಂತಿತು. ಕೊಳವೆ ಹಾಗೆ ಗುಟುಕರಿಸಿದ್ದಕ್ಕೆ ಲುಚಿಯಾ ಅಳು ನಿಲ್ಲಿಸಿ ನನ್ನ ಮುಖ ನೋಡಿದಳು, ಮತ್ತು ನಕ್ಕಳು. ಅದೇ ಹೊಟ್ಟೆಯ ನಗು. ಈ ಸಲದ್ದು ನನ್ನದು. ಇದನ್ನು ಯಾರಿಗೆ ಬೇಕಾದರೂ ಫೋನು ಮಾಡಿ ಹೇಳಬಹುದು.

ನಿನ್ನ ಅಪ್ಪ ಬಂದು ಮಂಡಿಯೂರಿ ವಾಲ್ವ್ ಬಿಚ್ಚಿದರು. ಒಳಗೆ ಬಾಗಿಲಿಗೆ ಅಡ್ಡ ಸಿಕ್ಕಿಕೊಂಡು, ಬಟಾಣಿಗಿಂತ ಚಿಕ್ಕದೊಂದು ಬಸವನಹುಳು. ತೊಟ್ಟಿಗೆಂದು ಯಾಗೊದಾ ತಂದ ಕಲ್ಲುಗಳ ಜೊತೆ ಬಂದದ್ದು. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ನೆಲ ಒರೆಸಿದ್ದು ಅವರೇ, ನನ್ನನ್ನು ಮುಟ್ಟಗೊಡಲಿಲ್ಲ. ಒರೆಸುತ್ತ ಒರೆಸುತ್ತ ಹೇಳಿದರು, ದಿನ್ಕೋ, ನೀನು ಹುಟ್ಟಿದ ವರ್ಷ ಇಂಥದೇ ಬೂರಾ ಅರ್ಧ ಛಾವಣಿ ಹೊತ್ತೊಯ್ದಿತ್ತಂತೆ, ನಿನ್ನಮ್ಮ ನಿನ್ನನ್ನು ಅಡುಗೆಮನೆಯ ಮೇಜಿನ ಕೆಳಗೆ ಮಲಗಿಸಿಕೊಂಡು ಆ ಚಳಿಗಾಲ ಕಳೆದರಂತೆ. ಹಡಗಿನಲ್ಲಿದ್ದ ನಿನ್ನ ಅಪ್ಪನಿಗೆ ಬರೆದದ್ದು ಮಾತ್ರ, ನಾವೆಲ್ಲ ಚೆನ್ನಾಗಿದ್ದೇವೆ. ಮನೆಗೆ ಬಂದಾಗ ಹೊಸ ಹೆಂಚು ನೋಡಿ, ಎಷ್ಟು ಚೆನ್ನಾಗಿದೆ, ಯಾವಾಗ ಹಾಕಿಸಿದೆ, ಎಂದು ಕೇಳಿದರಂತೆ. ಬಟ್ಟೆ ಹಿಂಡುತ್ತ, ನನ್ನ ಕಡೆ ನೋಡದೆ, "ಬರ್ದಿದ್ರೆ ಬರ್ತಿದ್ದೆ ಮಗಳೇ," ಎಂದರು. "ನೀರಿನ್ ಮಧ್ಯೆ ಏನ್ ಮಾಡ್ತಾನೆ ಅಂದ್ಕೊಂಡ್ಳು. ನನ್ನ ಕೇಳಿದ್ಲಾ ಅವಳು? ಕೇಳ್ಬೇಕಿತ್ತು."

ಯಾಗೊದಾಗೆ ಫೋನು ಮಾಡಿದ್ದು ನಾನೇ. ನಾನು ಹೇಳಿದ್ದೆನಲ್ಲ ಎಂದು ಅವಳು ಅನ್ನಲಿಲ್ಲ. ಮಗು ನೆನೀತಾ, ಎಂದು ಕೇಳಿದಳು. ಶನಿವಾರ ಬಂದಳು. ತೂತು ಕೊರೆಯುವ ಜಾಗ ಗುರುತು ಮಾಡಿದವಳು ನಾನು, ಎಷ್ಟು ನೀರು ಇಳಿದರೆ ಸಂಪು ತಡೆಯುತ್ತದೆ ಎಂದು ಲೆಕ್ಕ ಹಾಕಿ. ಕೊರೆದವರು ನಿನ್ನ ಅಪ್ಪ. ಹೊಸ ಕೊಳವೆಗೆ ಡ್ರಿಲ್ ಇಡುವಾಗ ಅವರು ಹಲ್ಲು ಕಚ್ಚಿಕೊಂಡಿದ್ದರು. ಆಮೇಲೆ ಬೇಕೆಂದೇ ಪ್ಲಗ್ ಕಿತ್ತು ಮೂವರೂ ಕಾದೆವು. ನೀರು ಸ್ವಲ್ಪ ಇಳಿಯಿತು, ತೂತು ಒಮ್ಮೆ ಸುಯ್ ಎಂದಿತು, ಎಲ್ಲ ನಿಂತಿತು. ಬೆಪೋ ಮಾಮಾ, ನಿಮ್ಮ ಹಡಗೆಲ್ಲ ತೇಲಿದ್ದೇ ಆಶ್ಚರ್ಯ, ಎಂದು ಯಾಗೊದಾ. ನೀನು ಹಲ್ಲು ಕಟ್ಟು ಹೋಗು, ಎಂದು ಅವರು. ಈ ಸಲ ನಾನೂ ನಕ್ಕೆ. ಅವಳನ್ನು ಇಷ್ಟಪಡುತ್ತೇನೆ ಎಂದು ಬರೆಯಲಾರೆ, ಅಷ್ಟು ಒಳ್ಳೆಯವಳು ನಾನಲ್ಲ. ಅವಳು ಹನಿ ಪರೀಕ್ಷೆಯ ಡಬ್ಬವನ್ನು ನನ್ನ ಕೈಗೆ ಕೊಟ್ಟು ಹೋಗಿದ್ದಾಳೆ, ಅಷ್ಟು ಸದ್ಯಕ್ಕೆ ಸಾಕು.

ಇವತ್ತು ಗಾಳಿ ಇಳಿದಿದೆ. ಸಮುದ್ರ ಉಜ್ಜಿ ತೊಳೆದ ತಾಮ್ರದ ಪಾತ್ರೆಯ ಹಾಗಿದೆ, ಎದುರಿನ ದ್ವೀಪ ಕೈಗೆ ಸಿಗುವಷ್ಟು ಹತ್ತಿರ. ಲುಚಿಯಾ ಸಂಪಿನ ಪಕ್ಕ ಮಲಗಿದ್ದಾಳೆ, ನಾನು ಅವಳ ಪಕ್ಕ ನೆಲದಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನ ಅಪ್ಪ ನಿನಗೆ ಆಶೀರ್ವಾದ ಹೇಳುತ್ತಾರೆ, ಬೆವರು ಆರಿದ ಮೇಲೆಯೇ ಮೇಲೆ ಹೋಗು ಎನ್ನುತ್ತಾರೆ. ಮಗಳು ತನ್ನ ಒಂದು ಹಲ್ಲಿನಿಂದ ಈ ಕಾಗದದ ಮೂಲೆಯನ್ನು ಕಚ್ಚಿದ್ದಾಳೆ, ಅದನ್ನೇ ಮುತ್ತು ಎಂದುಕೊ. ನಿನ್ನ ಹಡಗನ್ನು ದೇವರು ಕಾಯಲಿ, ನಿನ್ನ ಬೆನ್ನನ್ನೂ.

ನಿನ್ನ,
ವೆದ್ರಾನಾ

ಮರೆತ ಮಾತು: ಶಿಮೆ ಬಂದೇಬಿಟ್ಟ, ಕೆಳಗೆ ಕಾಫಿ ಕುಡಿಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮರೆತದ್ದೇನೂ ಅಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಬೆಳಿಗ್ಗೆ ಹಡಗಿನ ಏಜೆನ್ಸಿಯ ಹೆಂಗಸು ಫೋನು ಮಾಡಿದ್ದಳು. ಇನ್ನೂ ಮೂರು ತಿಂಗ್ಳು ಹಡಗಲ್ಲೇ ಇರ್ಬಹುದಾ ಅಂತ ದಿನ್ಕೋ ಅವರೇ ಕೇಳಿದ್ರು, ಆಮೇಲೆ ಹೂಂ ಅಂತಾನೂ ಇಲ್ಲ ಊಹೂಂ ಅಂತಾನೂ ಇಲ್ಲ, ಅಂದಳು. ಇಲ್ಲ, ಈಸ್ಟರ್‌ಗೆ ಮನೆಗೆ ಬರ್ತಾನೆ, ಅಂದೆ. ಅವರೇ ಹೇಳಿದ್ರಾ, ಅಂದಳು. ಅವನ ಹೆಂಡತಿ ಹೇಳ್ತಿದೀನಿ, ಅಂದೆ. ನಿನ್ನ ಬಾಯಿಂದ ಕೇಳಲು ಮುಂದಿನ ಶುಕ್ರವಾರದವರೆಗೆ ಕಾಯುತ್ತಾಳಂತೆ. ಬೇರೆ ಏನಾದರೂ ಹೇಳುವುದಿದ್ದರೆ ಹೇಳು, ಆದರೆ ಮೊದಲು ನನಗೆ, ಆಮೇಲೆ ಅವಳಿಗೆ, ಆಮೇಲೆ ಯಾಗೊದಾಗೆ. ನಾವು ಚೆನ್ನಾಗಿಲ್ಲ ದಿನ್ಕೋ. ಬಾ. ಆ ದೊಡ್ಡ ಡಬ್ಬಿಯನ್ನು ಜೋಡಿಸಿಲ್ಲ, ಉಗ್ರಾಣದಲ್ಲಿಟ್ಟು ಆಲೂಗಡ್ಡೆ ತುಂಬಿಸಿದ್ದೇನೆ. ದಿನಾ ಬೆಳಿಗ್ಗೆ ಸಂಪಿಗೆ ಒಂದು ಜಗ್ಗು ಸಿಹಿನೀರು ನಾನೇ ಹಾಕುತ್ತೇನೆ. ಈಸ್ಟರ್ ಆದ ಮೇಲೆ ನೀನು ಹಾಕು.